ಹಣಮಂತರಾವ್ ಸಾಹುಕಾರರ ಚಹಾ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಪೂಜಾ ಎಂಬ ಹುಡುಗಿ ಹೋದ ತಿಂಗಳು ಸೇಡಂನ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಗಲಿಗೆ ದೊಡ್ಡ ಚೀಲ. ಚೀಲದಲ್ಲಿ ಐದು ಪ್ರಾಜೆಕ್ಟ್ ವರದಿಗಳು, ಐದಕ್ಕೂ ಕಪ್ಪು ರಟ್ಟು, ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಪಾಪ, ಬಿಸಿಲಲ್ಲಿ ಹೊತ್ತು ತಂದು ಬೆವತುಹೋಗಿದ್ದಳು.

"ಮೇಡಂ, ನೀವು ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡೀರಿ. ಹುಡುಗರ ಕೈಲಿ ವರದಿ ಬರಸೋದು, ಮುಂದ ನಿಂತು ಮಾತಾಡ್ಸೋದು ಹ್ಯಾಂಗಂತ ಜರಾ ಹೇಳ್ರಿ," ಅಂದಳು.

"ಮೊದಲ ಕುಂದ್ರು. ಖರೆ ಹೇಳಿದ್ರ ನೌಕರಿ ಬಿಟ್ಟು ಓಡಿ ಹೋಗ್ತಿ," ಅಂದೆ.

ಹುಡುಗಿ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದವರೆಲ್ಲ 'ಸಾವಿರಾರು ವಿದ್ಯಾರ್ಥಿಗಳಿಗೆ ಮಾತು ಕಲಿಸಿದ ತಾಯಿ' ಎಂದು ಭಾಷಣ ಬಿಗಿದಿದ್ದರು. ನಾನು ಯಾರಿಗೂ ಮಾತು ಕಲಿಸಲಿಲ್ಲ. ಒಬ್ಬ ಹುಡುಗಿ ನನಗೆ ಕಲಿಸಿದಳು, ಅದೂ ಕೊನೆಯ ವರ್ಷದಲ್ಲಿ. ಆವತ್ತು ಪೂಜಾಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಪ್ಲೊಮಾ ಕಾಲೇಜಿಗೆ ಕಲಿಸಲು ಹೊಸದಾಗಿ ಸೇರಿದವರು ಯಾರಾದರೂ ಓದಿಕೊಳ್ಳಲಿ.

ನನ್ನ ವಿಷಯದ ಹೆಸರು ಸಂವಹನ ಕೌಶಲ. ಸಿವಿಲ್ ಹುಡುಗರು ಕೊನೆಯ ವರ್ಷ ನಾಲ್ಕು ನಾಲ್ಕು ಮಂದಿ ಗುಂಪು ಕಟ್ಟಿಕೊಂಡು ಒಂದು ಪ್ರಾಜೆಕ್ಟ್ ಮಾಡಬೇಕು, ವರದಿ ಬರೆಯಬೇಕು, ಹೊರಗಿನ ಪರೀಕ್ಷಕರ ಮುಂದೆ ನಿಂತು ವಿವರಿಸಬೇಕು. ಕಲ್ಲು, ಸಿಮೆಂಟು, ಕಬ್ಬಿಣ ನೋಡಿಕೊಳ್ಳುವವರು ಬೇರೆಯವರು. ಬರೆಸುವುದು, ಮಾತಾಡಿಸುವುದು ನನ್ನ ಕೊರಳಿಗೆ ಬಿದ್ದಿತ್ತು.

ಮೊದಲ ಪೋಸ್ಟಿಂಗ್ ಚಿಂಚೋಳಿ. ಪುಸ್ತಕದಲ್ಲಿ 'ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು' ಎಂದಿತ್ತು. ನಾನೂ ಹಾಗೆಯೇ ಕಲಿಸಿದೆ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ ಅಂತಲೂ ಹೇಳಿದೆ. ಮರುದಿನ ಒಬ್ಬ ಹುಡುಗಿಯ ಸೋದರಮಾವ ರುಮಾಲು ಸುತ್ತಿಕೊಂಡು ಸ್ಟಾಫ್ ರೂಮಿಗೇ ಬಂದ. "ಏನ್ರೀ ಮೇಡಂ, ಹುಡುಗಿಗಿ ಏನ್ ಕಲಸ್ಲಿಕತ್ತೀರಿ? ನಿನ್ನಿ ಸಂಜಿಂದ ಮನ್ಯಾಗ ದೊಡ್ಡೋರ್ನ ದಿಟ್ಟಿಸಿ ನೋಡ್ಲಿಕತ್ತಾಳ. ಅಜ್ಜ ಊಟ ಬಿಟ್ಟು ಎದ್ದು ಹೋದ್ನರಿ!" ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ಪಾಠ ಬದಲಿಸಿದೆ: ಕಣ್ಣು ನೋಡಬೇಡಿ, ಹಣೆ ನೋಡಿ. ಮುಂದೆ ಶಹಾಬಾದಿಗೆ ಹೋದಾಗ, ಅಲ್ಲಿಂದ ಚಿತ್ತಾಪುರಕ್ಕೆ ಬಂದಾಗ, ಅದನ್ನೇ ಕಲಿಸಿದೆ. ಒಮ್ಮೆ ಒಬ್ಬ ಪರೀಕ್ಷಕರು ಸತತ ಆರು ಗುಂಪು ತಮ್ಮ ಹಣೆಯನ್ನೇ ನೋಡುತ್ತಿರುವುದು ಕಂಡು ಗಾಬರಿಯಾಗಿ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡು ಬಂದರು.

ನಮಗೂ ತರಬೇತಿ ಇರುತ್ತಿತ್ತು. ಒಂದು ಸಲ ಕಲಬುರಗಿಯಲ್ಲಿ ಇಡೀ ದಿನದ ಶಿಬಿರ. ಬೆಂಗಳೂರಿನಿಂದ ಬಂದ ತಜ್ಞರು 'ಸ್ಲೈಡ್ ನೋಡಿಕೊಂಡು ಓದಬಾರದು' ಎಂಬ ಸ್ಲೈಡನ್ನು ನೋಡಿಕೊಂಡು ಓದಿದರು. 'ಮಾತು ಚಿಕ್ಕದಾಗಿರಲಿ' ಎಂಬುದರ ಮೇಲೆ ಒಂದೂವರೆ ತಾಸು ಮಾತಾಡಿದರು. ನನ್ನ ಪಕ್ಕದವರು ಗೊರಕೆ ಹೊಡೆದರು. ಸಂಜೆ ನಮಗೆಲ್ಲ ಸರ್ಟಿಫಿಕೇಟು ಕೊಟ್ಟರು, ಗೊರಕೆ ಹೊಡೆದವರಿಗೂ ಸಿಕ್ಕಿತು.

ಚಿತ್ತಾಪುರದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ, ವರದಿಯ ತಂಟೆಗಂತೂ ಇಲ್ಲವೇ ಇಲ್ಲ. ವರದಿಯನ್ನು ಅವರು ಎಂದೂ ತೆರೆದವರಲ್ಲ. ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು. "ತೂಕ ಕಮ್ಮಿ ಅದ. ಇನ್ನ ಜರಾ ಕೆಲಸ ಮಾಡಬೇಕು," ಅಂತ ವಾಪಸು ಕೊಡುತ್ತಿದ್ದರು. ಹುಡುಗರು ದಡ್ಡರೇ? ದಪ್ಪ ಕಾಗದಕ್ಕೆ ಹೋದರು, ನಡುವೆ ಖಾಲಿ ಹಾಳೆ ತುರುಕಿದರು. ಸರ್ ಮತ್ತೆ ಅಂಗೈಯಲ್ಲಿ ಆಡಿಸಿ "ಈಗ ಬರಾಬರ್ ಆತು ನೋಡ್" ಅಂದು ಸಹಿ ಹಾಕುತ್ತಿದ್ದರು.

ಇನ್ನು ಗುಂಪು. ನಾಲ್ಕು ಜನರಲ್ಲಿ ಒಬ್ಬ ಮಾತಾಡುವವನು, ಒಬ್ಬ ಕಂಪ್ಯೂಟರಿನವನು, ಒಬ್ಬ ಬೈಂಡಿಂಗಿಗೆ ಓಡಾಡುವವನು. ನಾಲ್ಕನೆಯವರು ಕೆಲಸ ಮಾಡುವವರು. ಈ ನಾಲ್ಕನೆಯವರು ಹೆಚ್ಚುಕಡಿಮೆ ಯಾವಾಗಲೂ ಹುಡುಗಿ, ಯಾವಾಗಲೂ ಹಿಂದಿನ ಬೆಂಚು. ವೇದಿಕೆಯ ಮೇಲೆ ಆಕೆಯ ಕೆಲಸ ಲೇಸರ್ ಪೆನ್ನು ಹಿಡಿದು ನಿಲ್ಲುವುದು. ಈ ಪದ್ಧತಿ ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ. ಮಾತು ಬಲ್ಲವನು ಮಾತಾಡಲಿ ಅಂತ ನಾನೇ ಆರಿಸಿ ನಿಲ್ಲಿಸುತ್ತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿವೃತ್ತಿಗೆ ಹದಿನೈದು ವರ್ಷ ಮೊದಲು ಒಂದು ದಿನ ಪಾಟೀಲ ಸರ್ ಕರೆದರು. "ಮೇಡಂ, ಹುಡುಗರಿಗಿ ವರದಿ ಹ್ಯಾಂಗ ಇರ್ಬೇಕಂತ ಗೊತ್ತೇ ಇಲ್ಲ. ಒಂದು ನಮೂನಿ ಬರದು ಕೊಡ್ರಿ. ಸೋಮವಾರ ಇನ್‌ಸ್ಪೆಕ್ಷನ್ ಅದ."

ಆವತ್ತು ಶುಕ್ರವಾರ. ವಿಷಯ ಏನು ಆರಿಸಲಿ? ಶಹಾಬಾದಿನಲ್ಲಿದ್ದಾಗ ವಾಡಿಯಿಂದ ದಿನಾ ಬಸ್ಸಿಗೆ ಹೋಗುತ್ತಿದ್ದೆ. ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಖಣಿ ಕಿಟಕಿಯಿಂದ ಕಾಣುತ್ತಿತ್ತು. ಅದನ್ನೇ ಹಿಡಿದುಕೊಂಡು ಮನೆಯಲ್ಲಿ ಕೂತು ಬರೆದೆ. ಖಣಿಯ ಆಳ ಹದಿನೈದು ಅಡಿ ಅಂತ ಹಾಕಿದೆ, ಬಸ್ಸಿನಿಂದ ಅಷ್ಟು ಅನ್ನಿಸಿತ್ತು. ಮಾಹಿತಿ ಕೊಟ್ಟವರು ಯಾರಾದರೂ ಬೇಕಲ್ಲ? ಒಬ್ಬ ಮಾಲೀಕರನ್ನು ಹುಟ್ಟಿಸಿದೆ. ಹಣಮಂತರಾವ್ ಸಾಹುಕಾರರು ಎಂದು ಹೆಸರಿಟ್ಟೆ. ಕೃತಜ್ಞತೆಯ ಪುಟದಲ್ಲಿ, 'ಖಣಿಯ ಮಾಲೀಕರಾದ ಹಣಮಂತರಾವ್ ಸಾಹುಕಾರರು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಚಹಾ ಕುಡಿಸಿ, ಸಮಗ್ರ ಮಾಹಿತಿ ನೀಡಿದರು' ಎಂದು ಬರೆದೆ. ಚಹಾ ಹಾಕಿದ ಮೇಲೆ ಎಲ್ಲ ನಿಜವೇ ಅನ್ನಿಸಿತು. ನನ್ನ ಕೈಬರಹವನ್ನು ಟೈಪ್ ಮಾಡಿಕೊಟ್ಟವರು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಮಹೆಬೂಬ್‌ಭಾಯಿ. ಇನ್‌ಸ್ಪೆಕ್ಷನ್ ಮುಗಿಯಿತು, ನಾನು ಮರೆತುಬಿಟ್ಟೆ.

ವರ್ಷಗಳು ಉರುಳಿದವು. ಕೈಯಲ್ಲಿ ಬರೆದ ಚಾರ್ಟು ಹೋಗಿ ಹಾಳೆಯನ್ನು ತಲೆಕೆಳಗಾಗಿ ಇಡುವ ಪ್ರೊಜೆಕ್ಟರ್ ಬಂತು. ಅದು ಹೋಗಿ ಅಕ್ಷರಗಳು ನಾಲ್ಕು ದಿಕ್ಕಿನಿಂದ ಹಾರಿ ಬರುವ ಸ್ಲೈಡು ಬಂತು. ಕೊನೆಗೆ ಕೇಳಿದ್ದನ್ನೆಲ್ಲ ಬರೆದುಕೊಡುವ ಮೊಬೈಲು ಬಂತು. ಇಷ್ಟು ಬದಲಾದರೂ ಪ್ರತಿ ವರ್ಷ ಎರಡು ಮೂರು ಗುಂಪು ಫರಸಿ ಖಣಿಯ ಮೇಲೆಯೇ ಪ್ರಾಜೆಕ್ಟ್ ಮಾಡುತ್ತಿದ್ದವು. ನಾನು ಕೆಂಪು ಪೆನ್ನು ಹಿಡಿದು ಅಲ್ಪವಿರಾಮ ತಿದ್ದುತ್ತಿದ್ದೆ. ಹಣಮಂತರಾವ್ ಎಂಬ ಹೆಸರು ಕಣ್ಣಿಗೆ ಬಿದ್ದಾಗ 'ಇವರು ಯಾರೋ ಭಾಳ ಒಳ್ಳೆಯ ಮನುಷ್ಯ, ಹುಡುಗರು ಹೋದಾಗಲೆಲ್ಲ ಚಹಾ ಕುಡಿಸುತ್ತಾರೆ' ಅಂದುಕೊಳ್ಳುತ್ತಿದ್ದೆ. ನಾನು ಹಡೆದ ಸುಳ್ಳಿನ ಮುಖ ನನಗೇ ಮರೆತುಹೋಗಿತ್ತು.

ನನ್ನ ಕೊನೆಯ ವರ್ಷದ ಒಂದು ಗುಂಪಿನಲ್ಲಿ ಸಚಿನ್ ಎಂಬ ಹುಡುಗನಿದ್ದ. ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಿದ್ದ, ಅರ್ಥ ಇದೆಯೋ ಇಲ್ಲವೋ ಆಮೇಲಿನ ಮಾತು. ನಾಲ್ಕನೆಯವಳು ರಾಜೇಶ್ವರಿ, ಕುಂಚಾವರಂ ಕಡೆಯವಳು. ಮನೆಯಲ್ಲಿ ತೆಲುಗು, ಇಲ್ಲಿ ಬಂದ ಮೇಲೆ ಕನ್ನಡ. ಎರಡರಲ್ಲೂ ಬೇಕಾದಷ್ಟೇ ಮಾತು. ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ಟ್ರೈನಿಯಾಗಿ ಆಯ್ಕೆಯಾಗಿದ್ದಳು. ಜುಲೈ ಒಳಗೆ ಪಾಸಾದ ಮಾರ್ಕ್ಸ್‌ಕಾರ್ಡ್ ತೋರಿಸಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಉಳಿದದ್ದು ಪ್ರಾಜೆಕ್ಟ್ ಒಂದೇ.

ವಿಷಯ ಫರಸಿ ಖಣಿ ಎಂದು ಗೊತ್ತಾದ ತಕ್ಷಣ ಮೂವರು ಹುಡುಗರು ಝೆರಾಕ್ಸ್ ಅಂಗಡಿಗೆ ಹೋದರಂತೆ. ಈ ಹುಡುಗಿ ವಾಡಿ ಬಸ್ ಹತ್ತಿದಳು. ಹೊರಟಾಗ ಹಾಸ್ಟೆಲ್ ಬಾವಿಯ ಹಗ್ಗ ಬಿಚ್ಚಿಕೊಂಡು ಹೋಗಿದ್ದಳು. ಆ ದಿನ ಹಾಸ್ಟೆಲಿನಲ್ಲಿ ನೀರು ಸೇದಲು ಹಗ್ಗ ಇಲ್ಲದೆ ದೊಡ್ಡ ಗಲಾಟೆಯಾಗಿ, ವಾರ್ಡನ್ ನನ್ನ ಹತ್ತಿರ ದೂರು ತಂದಿದ್ದರು.

ವಾರದ ಮೇಲೆ ಆಕೆ ಬರೆದು ತಂದದ್ದು ಒಂದೂವರೆ ಪುಟ. ನೆನಪಿದ್ದಷ್ಟು ಹೇಳುತ್ತೇನೆ: 'ನಾನು ಬಸ್ಸಿಳಿದು ಅರ್ಧ ತಾಸು ನಡೆದೆ. ಖಣಿ ನಿಂತು ಭಾಳ ವರ್ಷ ಆಗಿದೆ. ತುಂಬ ನೀರಿದೆ. ಒಂದು ಕಡೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ, ಇನ್ನೊಂದು ಕಡೆ ಸಣ್ಣ ಹುಡುಗರು ಈಜುತ್ತಾರೆ. ಅಂಚಿಗೆ ಬೇಲಿ ಇಲ್ಲ. ಕಲ್ಲಿಗೆ ಹಗ್ಗ ಕಟ್ಟಿ ಬಿಟ್ಟೆ. ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ಆದ್ದರಿಂದ ಖಣಿಯ ಆಳ ನನಗೆ ಗೊತ್ತಿಲ್ಲ. ಹಣಮಂತರಾವ್ ಸಾಹುಕಾರರನ್ನು ಮೂರು ಊರಿನಲ್ಲಿ ಕೇಳಿದೆ. ಅಂಥವರು ಯಾರೂ ಇಲ್ಲ. ಇಲ್ಲಿ ಬೇಲಿ ಹಾಕಬೇಕು.'

ಇಂಥದ್ದನ್ನು ಓದಿದಾಗ ಎದ್ದು ನಿಂತು ಬೆನ್ನು ತಟ್ಟಬೇಕು ತಾನೆ? ನಾನು ಏನು ಮಾಡಿದೆ ಗೊತ್ತೇ? 'ನನಗೆ ಗೊತ್ತಿಲ್ಲ' ಎಂಬುದರ ಸುತ್ತ ಕೆಂಪು ಗೆರೆ ಎಳೆದು 'ವರದಿಯಲ್ಲಿ ಹೀಗೆ ಬರೆಯಬಾರದು' ಎಂದು ಬರೆದೆ. ಅಂಚಿನಲ್ಲಿ 'ಮಾಲೀಕರ ಭೇಟಿಯ ವಿವರ ಎಲ್ಲಿ?' ಎಂದು ಕೇಳಿದೆ.

"ಆ ಸಾಹುಕಾರ ಇಲ್ರಿ ಮೇಡಂ," ಅಂದಳು.

"ಇಲ್ಲ ಅಂದ್ರ? ವರ್ಷಾ ಎಲ್ಲಾ ಗುಂಪಿನವ್ರು ಭೇಟಿ ಆಗ್ಯಾರ. ನಿನಗೊಬ್ಬಾಕಿಗೇ ಸಿಗಂಗಿಲ್ಲಾ? ಬ್ಯಾರೆ ಖಣಿಗಿ ಹೋಗಿರ್ಬೇಕು ನೋಡ್."

"ಖಣಿ ಅದೇ ಅದರಿ. ಮನುಷ್ಯಾ ಇಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ನೇರ ಮಹೆಬೂಬ್‌ಭಾಯಿಯ ಅಂಗಡಿಗೆ ಹೋದೆ. ಹುಡುಗರು ಎಲ್ಲಿಂದ ಏನು ಇಳಿಸುತ್ತಾರೆ ಎಂಬುದು ಅವರಿಗೇ ಗೊತ್ತು. "ಭಾಯಿ, ಈ ಹಣಮಂತರಾವ್ ಯಾರು, ಎಲ್ಲಿರ್ತಾರ?" ಅಂತ ಕೇಳಿದೆ.

ಮಹೆಬೂಬ್‌ಭಾಯಿ ಕನ್ನಡಕ ಏರಿಸಿ ನನ್ನನ್ನೇ ನೋಡಿದರು. "ಚೇಷ್ಟಿ ಮಾಡ್ಲಿಕತ್ತೀರೇನ್ರಿ ಮೇಡಂ?" ಅಂದರು. ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದರು. "ಇದೇ ಅಸಲಿ ಕಾಪಿ. ಹದಿನೈದು ವರ್ಷದಿಂದ ಇದೇ ನಡದದ. ಹುಡುಗರ ಹೆಸರು ಬದಲಿ ಮಾಡ್ತೀನಿ, ಇಸವಿ ಬದಲಿ ಮಾಡ್ತೀನಿ, ಸಾಹುಕಾರಗ ಕೈ ಹಚ್ಚಿಲ್ಲ. ಕೆಳಗ ನೋಡ್ರಿ."

ಕೆಳಗೆ 'ಮಾದರಿ ವರದಿ ಸಿದ್ಧಪಡಿಸಿದವರು' ಎಂದಿತ್ತು. ಅದರ ಮುಂದೆ ನನ್ನ ಹೆಸರು.

ಆ ಶುಕ್ರವಾರ, ಆ ಇನ್‌ಸ್ಪೆಕ್ಷನ್, ಬಸ್ಸಿನ ಕಿಟಕಿ, ಎಲ್ಲ ಒಮ್ಮೆಲೇ ನೆನಪಿಗೆ ಬಂತು. ಹದಿನೈದು ವರ್ಷ ನನ್ನದೇ ಸುಳ್ಳನ್ನು ನಾನೇ ತಿದ್ದಿ, ನಾನೇ ಅಂಕ ಕೊಟ್ಟಿದ್ದೆ. ಮಹೆಬೂಬ್‌ಭಾಯಿ ಸ್ಟೂಲು ಸರಿಸಿ "ಕುಂದ್ರಿ ಮೇಡಂ, ನೀರು ತರಸ್ಲಾ?" ಅಂದರು. ಕೂತುಕೊಂಡು ಎರಡು ಲೋಟ ನೀರು ಕುಡಿದೆ.

ಮರುದಿನ ರಾಜೇಶ್ವರಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಶಾಲು, ಹಾರ, ಭಾಷಣ ಎಲ್ಲ ಕಣ್ಣ ಮುಂದಿದ್ದವು. ಆಕೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಒಂದು ಸಾಲು ಹಾಕಿಬಿಡವ್ವಾ. ಸಾಹುಕಾರರು ಮಾಹಿತಿ ಕೊಟ್ರು ಅಂತ. ಏನ್ ಗಂಟ ಹೋಗ್ತದ? ಪರೀಕ್ಷಕರು ಪ್ರತಿ ವರ್ಷ ಅದೇ ಓದ್ಯಾರ, ನಿಂದೊಂದೇ ಬ್ಯಾರೆ ಇದ್ರ ನಿನಗೇ ತ್ರಾಸು," ಅಂದೆ. ಈ ಮಾತು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಆಕೆ ಕಾಲುಂಗುಷ್ಠದಿಂದ ನೆಲ ಕೆರೆಯುತ್ತ ನಿಂತಳು. "ಅಂವ ಸಿಕ್ಕಿದ್ರ ಹಾಕ್ತಿದ್ದೆರಿ ಮೇಡಂ. ನೀವೇ ಕ್ಲಾಸಿನ್ಯಾಗ ಹೇಳಿದ್ರಲ್ರಿ, ನೋಡಿದ್ದು ಬರೀರಿ ಅಂತ," ಅಂದಳು.

ನಾನು ಹಾಗೆ ಹೇಳಿದ್ದು ಖರೆ. ಅದು ಪುಸ್ತಕದ ಎರಡನೇ ಪಾಠದ ಮೊದಲ ಸಾಲು. ಆ ಸಾಲನ್ನು ಯಾರಾದರೂ ನಂಬುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಐದಾರು ವರ್ಷದಿಂದ ಬರುತ್ತಿದ್ದ ಪರೀಕ್ಷಕರೇ ಆ ಸಲವೂ ಬಂದರು. ಶಾಲು ಹೊದಿಸಿದೆವು, ಉಪ್ಪಿಟ್ಟು ಕೊಟ್ಟೆವು. ಮೊದಲ ಗುಂಪು ಫರಸಿ ಖಣಿ, ಎರಡನೇ ಗುಂಪೂ ಫರಸಿ ಖಣಿ. ಎರಡರಲ್ಲೂ ಸಾಹುಕಾರರು ಚಹಾ ಕುಡಿಸಿದ್ದರು. ಪರೀಕ್ಷಕರು ಪಾಟೀಲ ಸರ್ ಕಡೆ ತಿರುಗಿ, "ಹಣಮಂತರಾವ್ ಭಾಳ ದೊಡ್ಡ ಮನಸಿನವ್ರು ನೋಡ್ರಿ. ನನಗ ಪರಿಚಯ ಅವ್ರು. ಸೇಡಂನಾಗ ಒಂದು ಮದುವ್ಯಾಗ ಭೇಟಿ ಆಗಿದ್ರು, ಬಾಜೂಕೇ ಕುಂತು ಊಟ ಮಾಡೀವಿ," ಅಂದರು.

ಪಾಟೀಲ ಸರ್ ಸುಮ್ಮನಿರುತ್ತಾರೆಯೇ? "ಹೌದ್ರಿ, ಅವ್ರ ಮನೆತನಾನೇ ಹಂಗ," ಅಂದರು.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಮೂರನೆಯದು ಸಚಿನ್ ಗುಂಪು. ಎಂದಿನಂತೆ ನಾನೇ ಸಚಿನ್‌ನನ್ನು ಮಾತಿಗೆ ನಿಲ್ಲಿಸಿದ್ದೆ, ರಾಜೇಶ್ವರಿಯ ಕೈಗೆ ಲೇಸರ್ ಪೆನ್ನು ಕೊಟ್ಟಿದ್ದೆ. ಸ್ಲೈಡುಗಳು ಮಹೆಬೂಬ್‌ಭಾಯಿಯ ಫೈಲಿನವು. ಆಳ ಹದಿನೈದು ಅಡಿ, ಸಾಹುಕಾರರಿಗೆ ವಂದನೆ, ಎಲ್ಲ ಸಾಂಗವಾಗಿ ನಡೆಯಿತು. "ಹ್ಯಾಂಗಿದ್ದಾರ ಸಾಹುಕಾರ್ರು?" ಅಂತ ಪರೀಕ್ಷಕರು ಕೇಳಿದರು. "ಆರಾಮ ಇದ್ದಾರ್ರಿ ಸರ್. ನಿಮ್ಮನ್ನ ಕೇಳಿದ್ರು," ಅಂದ ಸಚಿನ್, ರೆಪ್ಪೆ ಬಡಿಯದೆ. ಅಷ್ಟರಲ್ಲಿ ಪರೀಕ್ಷಕರ ಕೈ ಸುಮ್ಮನೆ ವರದಿಯನ್ನು ತೆರೆಯಿತು. ವರದಿ ಮಾತ್ರ ರಾಜೇಶ್ವರಿಯದು. ನನ್ನ ಕೆಂಪು ಗೆರೆಗೆ ಬಗ್ಗದೆ ತಾನು ಬರೆದದ್ದನ್ನೇ ಮಹೆಬೂಬ್‌ಭಾಯಿಯ ಅಂಗಡಿಯಲ್ಲಿ ಟೈಪ್ ಮಾಡಿಸಿ ಬೈಂಡ್ ಮಾಡಿಸಿದ್ದಳು.

"ಇದೇನಿದು? ಇದನ್ನ ಬರದವ್ರು ಯಾರು?"

"ನಾನ್ರಿ ಸರ್," ಅಂದಳು ರಾಜೇಶ್ವರಿ.

"ಹಣಮಂತರಾವ್ ಇಲ್ಲ ಅಂತ ಬರದಿ. ನಾ ಅವ್ರ ಬಾಜೂಕ ಕುಂತು ಊಟ ಮಾಡೀನಿ! ಎರಡು ಗುಂಪಿನವ್ರು ಮುಂಜಾನಿಂದ ಅವ್ರ ಹೆಸರ ಹೇಳ್ಲಿಕತ್ತಾರ. ನಿನ್ನ ಗುಂಪಿನ ಹುಡುಗನೇ ಹೇಳ್ಲಿಕತ್ತಾನ. ನೀ ಒಬ್ಬಾಕಿ ಹಾಸ್ಟೆಲಿನ್ಯಾಗ ಕುಂತು ಮನಸಿಗಿ ಬಂದಂಗ ಬರದು ತಂದಿದ್ದಿ. ಖಣಿಯ ಆಳ ಗೊತ್ತಿಲ್ಲಂತ! ಗೊತ್ತಿಲ್ಲ ಅಂತ ಬರೀಲಿಕ್ಕ ಪ್ರಾಜೆಕ್ಟ್ ಯಾಕ ಬೇಕು? ಮೂರು ಮಂದಿ ಪಾಸ್. ನೀ ಮುಂದಿನ ವರ್ಷ ಬಾ."

"ಸರ್, ನಾ ಹೋಗಿದ್ದೆರಿ."

"ಸಾಕು, ಕುಂದ್ರು."

ಆಕೆ ಕೂರಲಿಲ್ಲ. ನನ್ನ ಕಡೆ ನೋಡಿದಳು. ನನ್ನ ಹಣೆಯನ್ನಲ್ಲ, ಕಣ್ಣನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ನನ್ನ ವಿದ್ಯಾರ್ಥಿಯೊಬ್ಬಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಚಿಂಚೋಳಿಯ ಆ ಅಜ್ಜ ಯಾಕೆ ಊಟ ಬಿಟ್ಟು ಎದ್ದನೆಂದು ಆವತ್ತು ತಿಳಿಯಿತು. ಆ ನೋಟದ ಮುಂದೆ ತುತ್ತು ಇಳಿಯುವುದಿಲ್ಲ.

ನಾನು ಎದ್ದೆ. ಪಾಟೀಲ ಸರ್ ನನ್ನ ಸೆರಗಿನ ಹತ್ತಿರ ಬಗ್ಗಿ, "ಮೇಡಂ, ಮೂರು ತಿಂಗಳು ಉಳದಾವ. ಸುಮ್ ಕುಂದ್ರಿ," ಅಂದರು.

"ಸರ್, ಹಣಮಂತರಾವ್ ಸಾಹುಕಾರ ನಾ ಹಡದ ಕೂಸು," ಅಂದೆ. "ಹದಿನೈದು ವರ್ಷದ ಹಿಂದ ಒಂದು ಶುಕ್ರವಾರ ನಮ್ಮ ಮನ್ಯಾಗ ಹುಟ್ಟಿದಾನ. ಆ ಮನುಷ್ಯಾ ಇಲ್ಲ, ಇರಲಿಲ್ಲ. ಹದಿನೈದು ಅಡಿ ಅನ್ನೋದೂ ನಂದೇ. ಬಸ್ಸಿನ ಕಿಟಕ್ಯಾಗಿಂದ ಅಳದಿದ್ದೆ. ಆ ಖಣಿಗಿ ನಾ ಹೋಗಿಲ್ಲ, ಈ ಹುಡುಗರು ಹೋಗಿಲ್ಲ. ಈ ಕಾಲೇಜಿನಿಂದ ಹೋದಾಕಿ ಈಕೆ ಒಬ್ಬಾಕಿ."

ಸಚಿನ್ ತನ್ನ ಬೂಟು ನೋಡಿಕೊಂಡ. ಪಾಟೀಲ ಸರ್ ಎದ್ದು, "ಮೇಡಮ್ಮೋರಿಗಿ ಬಿಪಿ ಅದರಿ ಸರ್, ಮುಂಜಾನಿ ಗುಳಿಗಿ ತೊಗೊಂಡಿಲ್ಲ," ಅಂದರು. ಮದುವೆಯಲ್ಲಿ ಹಣಮಂತರಾವ್ ಸಾಹುಕಾರರ ಪಕ್ಕ ಕೂತು ಉಂಡಿದ್ದ ಪರೀಕ್ಷಕರು ಏನು ಮಾಡಬೇಕು ಪಾಪ? ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಗಾಜು ಸವೆಯುವಷ್ಟು ಒರೆಸಿ, ಕೊನೆಗೆ ರಾಜೇಶ್ವರಿಯನ್ನು ನೋಡಿದರು.

"ಹಗ್ಗ ಎಷ್ಟು ಉದ್ದ ಇತ್ತವ್ವಾ?"

"ಮೂವತ್ತು ಅಡಿರಿ ಸರ್. ಹಾಸ್ಟೆಲ್ ಬಾವೀದು."

"ತಳ ಸಿಗಲಿಲ್ಲಾ?"

"ಇಲ್ರಿ."

"ಬ್ಯಾರೆ ಕಡಿ ಬಿಟ್ಟು ನೋಡಿದೇನು?"

"ಮೂರು ಕಡಿ ಬಿಟ್ಟೀನ್ರಿ. ಬಟ್ಟಿ ಒಗೀತಾರಲ್ರಿ, ಅಲ್ಲಿ ಒಂದು ಕಡಿ ಮಾತ್ರ ಎಂಟು ಅಡಿಗಿ ಹತ್ತದ. ಅಲ್ಲಿಂದ ಒಂದು ಹೆಜ್ಜಿ ಮುಂದ ಹೋದ್ರ ತಳ ಇಲ್ರಿ. ಅದಕ್ಕೇ ಬೇಲಿ ಬೇಕಂತ ಬರದೀನಿ."

ಆ ಮನುಷ್ಯ ಮೊದಲು ಎಂಜಿನಿಯರ್ ಆಗಿದ್ದವರು, ಆಮೇಲೆ ಪರೀಕ್ಷಕರಾದವರು. ಅದು ಅವರಿಗೆ ಆ ಹೊತ್ತಿನಲ್ಲಿ ನೆನಪಾಗಿರಬೇಕು. ಹತ್ತು ನಿಮಿಷ ಬರೀ ಆಕೆಯನ್ನೇ ಕೇಳಿದರು, ಆಕೆ ಹೇಳಿದಳು. ತೊದಲಿದಳು, ನಡುವೆ ತೆಲುಗು ಬಂತು, ಕೈಯಲ್ಲಿ ಗಾಳಿಯಲ್ಲೇ ಖಣಿ ಬರೆದು ತೋರಿಸಿದಳು. ಪುಸ್ತಕದ ಪ್ರಕಾರ ಅದರಲ್ಲಿ ಹನ್ನೊಂದು ತಪ್ಪು ಹಿಡಿಯಬಹುದಿತ್ತು. ಕೋಣೆಯಲ್ಲಿ ಒಬ್ಬರೂ ಆಕಳಿಸಲಿಲ್ಲ.

ರಾಜೇಶ್ವರಿ ಪಾಸಾದಳು. ಸಚಿನ್ ಪಾಸಾದ, ಉಳಿದವರೂ ಪಾಸಾದರು. ಪರೀಕ್ಷಕರು ಹೊರಡುವಾಗ ನನ್ನ ಹತ್ತಿರ ಬಂದು, "ಎಲ್ಲಾರ್ನೂ ಫೇಲ್ ಮಾಡಬೇಕಂದ್ರ ಮೊದಲನೇ ಹೆಸರು ನಂದೇ ಬರ್ತದರಿ ಮೇಡಂ," ಅಂದರು. ಶಾಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ನನಗೆ ಒಂದು ನೋಟಿಸು ಬಂತು, ಕಾರಣ ಕೇಳಿ. ನಾಲ್ಕು ಸಾಲಿನಲ್ಲಿ ನಡೆದದ್ದು ನಡೆದಂತೆ ಬರೆದು ಕೊಟ್ಟೆ. ಪಾಟೀಲ ಸರ್ ಅದನ್ನೂ ಅಂಗೈಯಲ್ಲಿ ಆಡಿಸಿ ನೋಡಿ ಫೈಲಿಗೆ ಹಾಕಿದರು.

ಇಷ್ಟು ಕೇಳಿದ ಪೂಜಾ ಕಣ್ಣರಳಿಸಿದಳು. "ಹಂಗಾದ್ರ ಈಗ ಹುಡುಗರು ಖರೆ ಖರೆ ಹೋಗ್ತಾರ ಮೇಡಂ! ಈ ವರ್ಷ ಮೂರು ಗುಂಪು ಅದೇ ಖಣಿ ಮ್ಯಾಲ ಮಾಡ್ಯಾವ. ಒಬ್ಬರೂ ಸಾಹುಕಾರ್ರ ಹೆಸರ ಹಾಕಿಲ್ಲ," ಅಂದಳು.

ನಾನು ಕನ್ನಡಕ ಹಾಕಿಕೊಂಡು ಒಂದು ವರದಿ ತೆರೆದೆ. 'ನಾನು ಬಸ್ಸಿಳಿದು ಅರ್ಧ ತಾಸು ನಡೆದೆ' ಎಂದಿತ್ತು. ಎರಡನೆಯದನ್ನು ತೆರೆದೆ. ಅದನ್ನು ಬರೆದವನೂ ಅರ್ಧ ತಾಸೇ ನಡೆದಿದ್ದ. ಮೂರನೆಯದರಲ್ಲಿ 'ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ಆದ್ದರಿಂದ ಖಣಿಯ ಆಳ ನನಗೆ ಗೊತ್ತಿಲ್ಲ. ಹಣಮಂತರಾವ್ ಸಾಹುಕಾರರನ್ನು ಮೂರು ಊರಿನಲ್ಲಿ ಕೇಳಿದೆ. ಅಂಥವರು ಯಾರೂ ಇಲ್ಲ. ಇಲ್ಲಿ ಬೇಲಿ ಹಾಕಬೇಕು' ಎಂದು ಇದ್ದದ್ದು ಇದ್ದಂತೆ ಇತ್ತು. ಸಾಹುಕಾರರ ಹೆಸರು ಇಲ್ಲ ಅಂದಿದ್ದಳು ಪೂಜಾ. ಪಾಪ, ಆಕೆಯೂ ಬರೀ ಕೃತಜ್ಞತೆಯ ಪುಟ ನೋಡಿದ್ದಳು. ಮಹೆಬೂಬ್‌ಭಾಯಿ ಫೈಲು ಬದಲಿಸಿದ್ದರು, ಅಷ್ಟೇ.

ಅಲ್ಲೇ ರಾಜೇಶ್ವರಿಗೆ ಫೋನು ಹಚ್ಚಿದೆ. ಕಾರ್ಖಾನೆಯ ಲ್ಯಾಬಿನಲ್ಲಿ ಈಗ ಆಕೆಯ ಕೆಲಸ ಪಕ್ಕಾ ಆಗಿದೆ. ಮೂರು ವರದಿಯ ಕಥೆ ಹೇಳಿದರೆ ನಗುತ್ತಾಳೆ ಅಂದುಕೊಂಡಿದ್ದೆ.

"ಬೇಲಿ ಹಾಕ್ಬೇಕಂತ ಬರದಾರೇನ್ರಿ?" ಅಂದಳು.

"ಹೂಂ, ಮೂರರಾಗೂ ಅದ."

"ಹಂಗಾದ್ರ ಯಾರೂ ಹೋಗಿಲ್ಲ ಬಿಡ್ರಿ. ಬೇಲಿ ಆಗಿ ಎಂಟು ತಿಂಗಳಾತು. ಪಾಸಾದ ಮ್ಯಾಲ ಆ ಪುಟ ಒಯ್ದು ಪಂಚಾಯ್ತಿಗಿ ಕೊಟ್ಟಿದ್ದೆರಿ. ನಾಕು ಸಲ ತಿರಗಿಸಿದ್ರು, ಐದನೇ ಸಲ ಹಾಕಿದ್ರು."

ಫೋನು ಇಟ್ಟೆ. ಪೂಜಾ ತಲೆ ತಗ್ಗಿಸಿ ಕೂತಿದ್ದಳು. ಮರುದಿನ ಮುಂಜಾನೆ ಇಬ್ಬರೂ ರೈಲಿಗೆ ವಾಡಿಗೆ ಹೋದೆವು, ಅಲ್ಲಿಂದ ಬಸ್ಸು, ಬಸ್ಸಿಳಿದು ನಡಿಗೆ. ರಾಜೇಶ್ವರಿಗೆ ಅರ್ಧ ತಾಸು ಹಿಡಿದ ದಾರಿ ನನ್ನ ಮೊಣಕಾಲಿಗೆ ಒಂದು ತಾಸು ಹಿಡಿಯಿತು. ಖಣಿಯ ಸುತ್ತ ಉದ್ದುದ್ದ ಫರಸಿ ಕಲ್ಲು ನಿಲ್ಲಿಸಿ ತಂತಿ ಬಿಗಿದಿದ್ದರು. ಬಟ್ಟೆ ಒಗೆಯುವ ಕಡೆ ಇಳಿಯಲು ಸಣ್ಣ ದಾರಿ ಬಿಟ್ಟು, ಅದರ ಮುಂದೆ ನೀರಿನೊಳಗೂ ಕಲ್ಲು ನೆಟ್ಟಿದ್ದರು. ನಾನು ಒಂದು ಕಲ್ಲಿಗೆ ಕೈ ಊರಿ ನಿಂತೆ. ಬಿಸಿಲಿಗೆ ಕಾದಿತ್ತು.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ, "ಯಾರು ಬೇಕ್ರಿ ಅಕ್ಕಾ?" ಅಂದಳು.

ಬಾಯಿಗೆ ಬೇರೆ ಹೆಸರೇ ಬರಲಿಲ್ಲ. "ಹಣಮಂತರಾವ್ ಸಾಹುಕಾರ್ರು," ಅಂದೆ.

"ಅಂಥೋರು ಯಾರೂ ಇಲ್ರಿ. ಹೋದ ವರ್ಷ ಒಂದು ಹುಡುಗಿನೂ ಹಿಂಗೇ ಕೇಳ್ಕೋತ ಬಂದಿತ್ತು, ಹೆಗಲಿಗಿ ಹಗ್ಗ ಹಾಕ್ಕೊಂಡು."

"ಆಕಿ ಆದ ಮ್ಯಾಲ ಕಾಲೇಜಿನವ್ರು ಮತ್ತ್ಯಾರರೆ ಬಂದಿದ್ರೇನವ್ವಾ?"

"ಇಲ್ರಿ. ಆಕಿ ಬಂದಿದ್ಳು, ಈಗ ನೀವು ಬಂದೀರಿ." ಒಗೆದ ಸೀರೆ ಹಿಂಡಿ ಕಲ್ಲ ಮೇಲೆ ಹರವಿ, ನನ್ನ ಬೆವರು ನೋಡಿದಳು. "ಬಿಸಲಾಗ ಬಂದೀರಿ, ಅಗೋ ನಮ್ಮ ಮನಿ, ಚಹಾ ಕುಡದು ಹೋಗ್ರಿ."

ಪೂಜಾ ನನ್ನ ಮುಖ ನೋಡಿದಳು. ನಾವು ಹೋಗಿ ಕುಡಿದೆವು. ಸಕ್ಕರೆ ಜಾಸ್ತಿ ಇತ್ತು.